ಬಾಣಗಳ ಗಣಿತ

1999ನೆಯ ಇಸವಿ, ಸೆಪ್ಟೆಂಬರ್ 23. ಒಂಬತ್ತು ತಿಂಗಳಿಗೂ ಮಿಗಿಲಾದ ಪಯಣವನ್ನು ಮುಗಿಸಿ ಮಂಗಳಗ್ರಹವನ್ನು ಸಮೀಪಿಸಿದ್ದ ಅಮೆರಿಕದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನೌಕೆ ಗ್ರಹದ ಮರೆಗೆ ಸರಿಯಿತು. ಮತ್ತೆ ಅದರಿಂದ ಸುದ್ದಿ ಬರಲೇ ಇಲ್ಲ. ಸುಮಾರು 226 ಕಿಲೋಮೀಟರು ಎತ್ತರದಲ್ಲಿ ಹಾಯಬೇಕಾಗಿದ್ದ ಅದು ಸುಮಾರು 57 ಕಿಲೋಮೀಟರು ಎತ್ತರಕ್ಕೆ ಇಳಿದಿತ್ತೆಂದು ಅನಂತರದ ಲೆಕ್ಕಾಚಾರ ತಿಳಿಸಿತು.

ಕಾರಣವಾದರೋ ಅತಿ ಸಾಮಾನ್ಯವಾದುದು. ಭೂಮಿಯ ಮೇಲಿನ ಒಂದು ಪ್ರೋಗ್ರಾಮು ನೌಕೆಯನ್ನು ತಳ್ಳುವ ಯಂತ್ರಗಳ ಲೆಕ್ಕವನ್ನು ಪೌಂಡಿನ ಮಾನದಲ್ಲಿ ಬರೆದಿಟ್ಟಿತು. ಅದನ್ನು ಓದಿದ ಇನ್ನೊಂದು ಪ್ರೋಗ್ರಾಮು ಆ ಅಂಕಿಗಳು ನ್ಯೂಟನ್ ಮಾನದಲ್ಲಿವೆಯೆಂದು ಭಾವಿಸಿತು. ಒಂದು ಪೌಂಡಿನ ಬಲವೆಂದರೆ ಸುಮಾರು 4.45 ನ್ಯೂಟನ್. ಗುಣಾಕಾರ ಭಾಗಾಕಾರಗಳಲ್ಲಿ ಯಾರೂ ಎಡವಿರಲಿಲ್ಲ. ತಪ್ಪಿದ್ದು ಒಂದನ್ನು ಇನ್ನೊಂದಕ್ಕೆ ಜೋಡಿಸಿದ ಸಂದಿಯಲ್ಲಿ.

ಬಿಡಿಭಾಗಗಳಿಗಿಂತ ಅವುಗಳ ಜೋಡಣೆಯನ್ನೇ ಮುಖ್ಯವೆಂದು ಬಗೆಯುವ ಗಣಿತಶಾಖೆಯೊಂದುಂಟು. ಅದರ ಹೆಸರು ‘ಕೆಟಗರಿ ಥಿಯರಿ’, ಕನ್ನಡದಲ್ಲಿ ವರ್ಗಸಿದ್ಧಾಂತವೆನ್ನಬಹುದು.

ಅದರ ಹುಟ್ಟೂ ಒಂದು ಜೋಡಣೆಯಿಂದಲೇ ಆಯಿತು. 1941ರಲ್ಲಿ ಸಾಂಡರ್ಸ್ ಮೆಕ್‌ಲೇನ್ ಎಂಬ ಅಮೆರಿಕದ ಗಣಿತಜ್ಞ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಬೀಜಗಣಿತದ ಕೆಲವು ಉಪನ್ಯಾಸಗಳನ್ನು ಕೊಟ್ಟರು. ಪೋಲೆಂಡಿನಿಂದ ವಲಸೆ ಬಂದಿದ್ದ ಸಾಮ್ಯುಯೆಲ್ ಐಲೆನ್‌ಬರ್ಗ್ ಆಗ ಅಲ್ಲಿದ್ದರು. ಆಕೃತಿಗಳನ್ನು ಕುರಿತ ತಮ್ಮ ಶಾಸ್ತ್ರದಲ್ಲಿಯೂ ಅದೇ ಲೆಕ್ಕ ಬರುತ್ತದೆಂಬುದನ್ನು ಅವರು ಗಮನಿಸಿದರು. ಎಲ್ಲಿಯ ಬೀಜಗಣಿತ, ಎಲ್ಲಿಯ ಆಕೃತಿಶಾಸ್ತ್ರ! ಇಬ್ಬರೂ ಇರುಳಿಡೀ ಕುಳಿತು ಅದರ ಮರ್ಮವನ್ನು ಅರಸಿದರು. ಆ ಗೆಳೆತನದ ಫಲವಾಗಿ 1945ರಲ್ಲಿ ವರ್ಗಸಿದ್ಧಾಂತದ ಮೊದಲ ವಿಸ್ತೃತ ಪ್ರಬಂಧ ಅಚ್ಚಾಯಿತು. ಗಣಿತಜ್ಞರೇ ಇದನ್ನು ‘ಅಮೂರ್ತ ಹರಟೆ’ ಎಂದು ನಗೆಯಾಡುತ್ತಿದ್ದ ಕಾಲವೊಂದಿತ್ತು.

ಹಾಗಾದರೆ ವರ್ಗವೆಂದರೇನು? ಕೆಲವು ಬಿಂದುಗಳು, ಒಂದು ಬಿಂದುವಿನಿಂದ ಇನ್ನೊಂದಕ್ಕೆ ಸಾಗುವ ಬಾಣಗಳು. ಒಂದು ಬಾಣ ಎಲ್ಲಿ ಮುಗಿಯುವುದೋ ಅಲ್ಲಿಯೇ ಇನ್ನೊಂದು ತೊಡಗಿದರೆ ಮಾತ್ರ ಎರಡನ್ನೂ ಕೂಡಿಸಿ ಒಂದೇ ಬಾಣವಾಗಿಸಬಹುದು. ಮೂರನ್ನು ಕೂಡಿಸುವಾಗ ಮೊದಲೆರಡನ್ನು ಮುಂಚೆ ಕೂಡಿಸಿದರೂ, ಕಡೆಯೆರಡನ್ನು ಮುಂಚೆ ಕೂಡಿಸಿದರೂ ಫಲ ಒಂದೇ. ಪ್ರತಿ ಬಿಂದುವಿಗೂ ಏನನ್ನೂ ಬದಲಿಸದೆ ಇದ್ದಲ್ಲಿಯೇ ಇರಿಸುವ ಬಾಣವೊಂದಿರಬೇಕು. ನಿಯಮ ಇಷ್ಟೇ.

ಕನ್ನಡ ವ್ಯಾಕರಣ ಬಲ್ಲವರಿಗೆ ಇದು ತೀರ ಅಪರಿಚಿತವಲ್ಲ. ‘ಮರ’ ಎಂಬ ನಾಮಪ್ರಕೃತಿಗೆ ‘ಅನ್ನು’ ಹತ್ತುತ್ತದೆ. ‘ಮಾಡು’ ಧಾತುವಿಗೆ ಅದು ಹತ್ತದು. ಯಾವುದು ಯಾವುದಕ್ಕೆ ಕೂಡುತ್ತದೆಂಬ ವಿವೇಕವೇ ಎರಡು ಕಡೆಯೂ ಜೀವಾಳ. ಪೌಂಡಿನಲ್ಲಿ ಮುಗಿದ ಬಾಣಕ್ಕೆ ನ್ಯೂಟನ್ನಿನಲ್ಲಿ ತೊಡಗುವ ಬಾಣವನ್ನು ತೊಡಿಸಿದ್ದೇ ಮಂಗಳನೌಕೆಯ ದುರಂತ.

ಕಂಪ್ಯೂಟರಿನ ಜಗತ್ತು ಈ ಗಣಿತವನ್ನು ಆದರದಿಂದ ಬರಮಾಡಿಕೊಂಡಿತು. ಪ್ರೋಗ್ರಾಮಿನ ಪ್ರತಿಯೊಂದು ಹೆಜ್ಜೆಯೂ ಒಂದು ಬಾಣ. ಆದರೆ ಲೋಕದಲ್ಲಿ ಎಲ್ಲ ಹೆಜ್ಜೆಗಳೂ ನೇರವಾಗಿರುವುದಿಲ್ಲ. ಸೊನ್ನೆಯಿಂದ ಭಾಗಿಸಹೊರಟರೆ ಉತ್ತರವೇ ಇಲ್ಲ. ಕೇಳಿದ ಕಡತ ಸಿಕ್ಕದೆಯೂ ಹೋಗಬಹುದು. ಹೀಗೆ ‘ಉತ್ತರ ಇರಬಹುದು, ಇಲ್ಲದಿರಬಹುದು’ ಎಂಬ ಹೆಜ್ಜೆಗಳನ್ನು ಒಂದರ ಮುಂದೊಂದು ಇಡುವುದೆಂತು? ಇದಕ್ಕೆ ಬೇಕಾದ ನಿಯಮ ವರ್ಗಸಿದ್ಧಾಂತದ ‘ಮೊನ್ಯಾಡ್’ ಎಂಬ ರಚನೆಯಲ್ಲಿದೆಯೆಂದು 1989ರಲ್ಲಿ ಯುಜೀನಿಯೊ ಮೊಜ್ಜಿ ತೋರಿಸಿದರು. ಫಿಲಿಪ್ ವಾಡ್ಲರ್ ಅದನ್ನು ಪ್ರೋಗ್ರಾಮು ಬರೆಯುವವರ ಕೈಗೆ ತಲುಪಿಸಿದರು. ‘ಹ್ಯಾಸ್ಕೆಲ್’ ಭಾಷೆಯಲ್ಲಿ ಅದು ನೆಲೆಯೂರಿತು.

ವಿಜ್ಞಾನವೂ ಹಿಂದುಳಿಯಲಿಲ್ಲ. 2004ರಲ್ಲಿ ಸ್ಯಾಮ್ಸನ್ ಅಬ್ರಾಮ್ಸ್ಕಿ ಮತ್ತು ಬಾಬ್ ಕೂಕಾ ಇಬ್ಬರೂ ಕ್ವಾಂಟಮ್ ಪ್ರಕ್ರಿಯೆಗಳನ್ನು ಇದೇ ಭಾಷೆಯಲ್ಲಿ ನಿರೂಪಿಸಿದರು. 2022ರಲ್ಲಿ ಜಾನ್ ಬಯೆಜ್, ನಥಾನಿಯಲ್ ಆಸ್ಗುಡ್ ಮೊದಲಾದ ಐವರು ಇದನ್ನು ಸಾಂಕ್ರಾಮಿಕ ರೋಗಗಳ ಲೆಕ್ಕಕ್ಕೆ ಅನ್ವಯಿಸಿದರು. ರೋಗ ತಗಲಬಹುದಾದವರು, ರೋಗಿಗಳು, ಗುಣಹೊಂದಿದವರು ಎಂದು ಜನರನ್ನು ವಿಂಗಡಿಸಿ, ಒಂದು ಗುಂಪಿನಿಂದ ಇನ್ನೊಂದಕ್ಕೆ ಹರಿಯುವ ಪ್ರವಾಹವನ್ನು ಚಿತ್ರಿಸುವುದು ಹಳೆಯ ಪದ್ಧತಿ. ಒಬ್ಬರು ರೋಗ ಹರಡುವ ಚಿತ್ರವನ್ನು ಬರೆಯುತ್ತಾರೆ. ಇನ್ನೊಬ್ಬರು ಲಸಿಕೆಯದನ್ನು ಬರೆಯುತ್ತಾರೆ. ಎರಡರಲ್ಲಿಯೂ ಇರುವ ಗುಂಪುಗಳನ್ನು ಗುರುತಿಸಿ ಚಿತ್ರಗಳನ್ನು ಅಲ್ಲಿಯೇ ಬೆಸೆಯುವ ಕ್ರಮವನ್ನು ವರ್ಗಸಿದ್ಧಾಂತ ಕೊಡುತ್ತದೆ. ಬೆಸೆದ ಚಿತ್ರವನ್ನು ಜೋಡಣೆ ಕೆಡದಂತೆ ಸಮೀಕರಣಗಳಾಗಿ ಮಾರ್ಪಡಿಸುವ ಸಾಧನಕ್ಕೆ ‘ಫಂಕ್ಟರ್’ ಎಂದು ಹೆಸರು.

ಇಷ್ಟಾದರೂ ಇದು ಸರ್ವರೋಗನಿವಾರಕ ಗುಳಿಗೆಯಲ್ಲ. ರೋಗ ಹರಡುವ ವೇಗವನ್ನೇ ತಪ್ಪಾಗಿ ಎಣಿಸಿದ್ದರೆ, ಎಷ್ಟು ಅಚ್ಚುಕಟ್ಟಾಗಿ ಬೆಸೆದರೂ ಬರುವ ಉತ್ತರ ತಪ್ಪೇ. ಮಾನಗಳನ್ನು ತಾಳೆನೋಡಲು ಮಹಾಸಿದ್ಧಾಂತವೂ ಬೇಕಿರಲಿಲ್ಲ; ಸಾಮಾನ್ಯ ಎಚ್ಚರ ಸಾಕಾಗಿತ್ತು. ಆದರೆ ಎರಡು ಭಾಗಗಳಿರುವಲ್ಲಿ ಕಣ್ಣಿನ ಎಚ್ಚರ ಸಾಲಬಹುದು, ಎರಡು ಸಾವಿರ ಭಾಗಗಳಿರುವಲ್ಲಿ ಸಾಲದು. ಅಲ್ಲಿ ಎಚ್ಚರವನ್ನೇ ನಿಯಮವಾಗಿ ಬರೆದಿಡಬೇಕಾಗುತ್ತದೆ. ಇಬ್ಬರು ಗೆಳೆಯರು ಇರುಳು ನಿದ್ದೆಗೆಟ್ಟು ತೊಡಗಿದ ‘ಹರಟೆ’ಯ ಪ್ರಯೋಜನ ಅದೇ.