ಗಂಡಸರಿಗೆ ಡಿಪ್ರೆಶನ್ ಬರುವುದಿಲ್ಲವೇ? ಕೊರೊನಾ ಕಾಲ ತೋರಿಸಿದ್ದೇನು?

‘ಗಂಡಸು ಗಟ್ಟಿ, ಎಲ್ಲ ತಡ್ಕೋತಾನೆ’ ಎಂಬ ಧಾಟಿಯ ಫಾರ್ವರ್ಡ್ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಇದು ನಿಜವೇ? ಅಂಕಿ ಅಂಶಗಳನ್ನು ನೋಡೋಣ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿಯ ಪ್ರಕಾರ, 2020ರಲ್ಲಿ ಭಾರತದಲ್ಲಿ 1,53,052 ಜನ ಆತ್ಮಹತ್ಯೆಯಿಂದ ಪ್ರಾಣ ಕಳೆದುಕೊಂಡರು. ಅವರಲ್ಲಿ 1,08,532 ಮಂದಿ ಗಂಡಸರು. ಅಂದರೆ ಹತ್ತರಲ್ಲಿ ಏಳು. 2021ರಲ್ಲಿ ಒಟ್ಟು ಸಂಖ್ಯೆ 1,64,033ಕ್ಕೆ ಏರಿತು. ಎರಡೂ ವರ್ಷ ಸುಮಾರು ಕಾಲು ಭಾಗ ದಿನಗೂಲಿಯವರು. ಇದೆಲ್ಲಕ್ಕೂ ಕೊರೊನಾ ಒಂದೇ ಕಾರಣ ಎನ್ನಲಾಗದು. 2019ರಲ್ಲೂ ಗಂಡಸರ ಪಾಲು ಶೇಕಡಾ 70ರಷ್ಟಿತ್ತು.

ಹಾಗಾದರೆ ಲಾಕ್‌ಡೌನ್ ಏನು ಕಿತ್ತುಕೊಂಡಿತು? ಮೊದಲು ದುಡಿಮೆ. ‘ಮನೆ ನಡೆಸುವವನು’ ಎಂಬ ಹೆಮ್ಮೆಯೂ ಅದರೊಂದಿಗೇ ಹೋಯಿತು. ಎರಡನೆಯದು, ನಾವು ಹೆಚ್ಚಾಗಿ ಗಮನಿಸದ ನಷ್ಟ: ಟೀ ಅಂಗಡಿ, ಅರಳಿಕಟ್ಟೆ, ಕ್ರಿಕೆಟ್ ಮೈದಾನ. ಎಷ್ಟೋ ಗಂಡಸರ ಸ್ನೇಹ ಎದುರು ಕೂತು ಮಾತಾಡುವುದಲ್ಲ. ಪಕ್ಕದಲ್ಲಿ ನಿಂತು ಏನಾದರೂ ಮಾಡುತ್ತಾ ಬೆಳೆಯುವಂಥದ್ದು. ಆ ಜಾಗಗಳು ಮುಚ್ಚಿದಾಗ ಅವರ ಆಸರೆಯೂ ಮುಚ್ಚಿತು. ‘ಫೋನ್ ಮಾಡಿ ಹೇಳಿಕೊಳ್ಳುವ’ ಅಭ್ಯಾಸ ಅನೇಕರಿಗೆ ಇರಲೇ ಇಲ್ಲ.

ತಪ್ಪು ಕಲ್ಪನೆ 1: ಬೇಸರವಾದವನು ಅಳುತ್ತಾನೆ.
ಸತ್ಯ: ಗಂಡಸರಲ್ಲಿ ಖಿನ್ನತೆ ಹಲವು ಬಾರಿ ಸಿಡುಕು, ಹೆಚ್ಚಿದ ಕುಡಿತ, ನಿದ್ದೆಗೇಡು, ಮೈಕೈ ನೋವು ಅಥವಾ ಮೌನವಾಗಿ ಕಾಣಿಸುತ್ತದೆ.

ತಪ್ಪು ಕಲ್ಪನೆ 2: ಆತ್ಮಹತ್ಯೆ ಬಗ್ಗೆ ಕೇಳಿದರೆ ಆ ಯೋಚನೆ ನಾವೇ ತಲೆಗೆ ತುಂಬಿದಂತೆ.
ಸತ್ಯ: ಇಲ್ಲ. ಕಾಳಜಿಯಿಂದ ನೇರವಾಗಿ ಕೇಳಿದರೆ ಅಪಾಯ ಹೆಚ್ಚುವುದಿಲ್ಲ. ಒಳಗಿನ ಭಾರ ಹೇಳಿಕೊಳ್ಳಲು ದಾರಿ ಸಿಗುತ್ತದೆ.

ತಪ್ಪು ಕಲ್ಪನೆ 3: ‘ಧೈರ್ಯವಾಗಿರು’ ಎಂದರೆ ಸಾಕು.
ಸತ್ಯ: ಆ ಮಾತು ಕೇಳಿ ಎಷ್ಟೋ ಜನ ಸುಮ್ಮನಾಗಿಬಿಡುತ್ತಾರೆ. ಬದಲಿಗೆ ‘ಬಾ, ಒಂದು ರೌಂಡ್ ನಡೆದು ಬರೋಣ’ ಎನ್ನಿ. ದಾರಿಯಲ್ಲಿ ನೀವು ಕಡಿಮೆ ಮಾತಾಡಿ, ಹೆಚ್ಚು ಕೇಳಿಸಿಕೊಳ್ಳಿ. ಎರಡು ದಿನ ಬಿಟ್ಟು ಮತ್ತೆ ವಿಚಾರಿಸಿ.

ಎರಡು ವಾರ ಕಳೆದರೂ ಮನಸ್ಸು ಸರಿಹೋಗದಿದ್ದರೆ ವೈದ್ಯರನ್ನು ಕಾಣಬೇಕು. ಸಾಯುವ ಮಾತು ಬಂದರೆ ಕಾಯಬೇಡಿ, ಅವರನ್ನು ಒಂಟಿಯಾಗಿ ಬಿಡಬೇಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲೇ ಮಾತಾಡಬಹುದು.

ಈ ಲೇಖನವನ್ನು ಖಂಡಿತ ಹಂಚಿಕೊಳ್ಳಿ. ಆದರೆ ಅದಕ್ಕೂ ಮೊದಲು, ಗ್ರೂಪಿನಲ್ಲಿ ಕೆಲವು ದಿನಗಳಿಂದ ಸುಮ್ಮನಿರುವ ಆ ಒಬ್ಬ ಗೆಳೆಯನಿಗೆ ಫೋನ್ ಮಾಡಿ.