ನೀರಿದ್ದರೂ ಉದುರುವ ಹೂವು

ಏಪ್ರಿಲ್ ಕೊನೆಯ ಹೊತ್ತಿಗೆ ಬಳ್ಳಾರಿಯ ಯಾವುದೇ ಬಡಾವಣೆಯ ಮಾಳಿಗೆಯ ಮೇಲೆ ನಿಂತಿರುವ ಟೊಮೆಟೊ ಗಿಡವನ್ನು ನೋಡಿ. ಮೇಲ್ನೋಟಕ್ಕೆ ಅದಕ್ಕೆ ಯಾವ ರೋಗವೂ ಇಲ್ಲ. ಎಲೆ ಹಸಿರಾಗಿದೆ, ಕಾಂಡ ದಷ್ಟಪುಷ್ಟವಾಗಿದೆ, ಹೂವೂ ಗೊಂಚಲು ಗೊಂಚಲಾಗಿದೆ. ಕಾಯಿ ಮಾತ್ರ ಇಲ್ಲ. ಕುಂಡದ ಮಣ್ಣಿನ ಮೇಲೆ ಬಿದ್ದ ಹೂವೊಂದನ್ನು ಕೈಗೆತ್ತಿಕೊಂಡರೆ, ತೊಟ್ಟಿನ ನಡುವೆ ಇರುವ ಸಣ್ಣ ಗಿಣ್ಣಿನಲ್ಲೇ ಅದು ಕಳಚಿರುವುದು ಗೊತ್ತಾಗುತ್ತದೆ. ಗಾಳಿ ಹರಿದದ್ದಲ್ಲ, ಹಕ್ಕಿ ಕಿತ್ತದ್ದಲ್ಲ. ಆ ಗಿಣ್ಣು ಮೊದಲು ಹಳದಿಯಾಗಿ, ಆಮೇಲೆ ಗಿಡವೇ ಹೂವನ್ನು ಬಿಟ್ಟುಕೊಟ್ಟಿದೆ. ಇದನ್ನು ಕಂಡ ಮನೆಯವರು ಮಾಡುವ ಮೊದಲ ಕೆಲಸ ಇನ್ನೊಂದು ತಂಬಿಗೆ ನೀರು ಹಾಕುವುದು. ಎರಡನೆಯದು ಗೊಬ್ಬರದಂಗಡಿಗೆ ಹೋಗುವುದು. ಎರಡರಿಂದಲೂ ಕಾಯಿ ಕಚ್ಚುವುದಿಲ್ಲ. ನಡುಬೇಸಿಗೆಯಲ್ಲಿ ನಮ್ಮ ಕೈತೋಟಗಳು ಸೋಲುವುದು ಬಹುಪಾಲು ನೀರಿನ ಕೊರತೆಯಿಂದಲ್ಲ, ಪರಾಗದ ಕೊರತೆಯಿಂದ ಎಂಬುದು ನನ್ನ ವಾದ. ಇದನ್ನು ಒಪ್ಪಿಕೊಂಡರೆ ಏಪ್ರಿಲ್, ಮೇ ತಿಂಗಳಲ್ಲಿ ಏನು ಬೆಳೆಯಬೇಕು ಎಂಬ ಪ್ರಶ್ನೆಗೆ ಉತ್ತರವೇ ಬೇರೆಯಾಗುತ್ತದೆ.

ಟೊಮೆಟೊ ಹೂವಿನೊಳಗೆ ಪರಾಗ ರೂಪುಗೊಳ್ಳುವುದು ಹೂವು ಅರಳುವುದಕ್ಕೆ ಸುಮಾರು ಒಂದು ವಾರದಿಂದ ಹತ್ತು ದಿನ ಮೊದಲು, ಅದಿನ್ನೂ ಸಾಸಿವೆಗಿಂತ ತುಸು ದೊಡ್ಡ ಮೊಗ್ಗಾಗಿದ್ದಾಗ. ಆ ದಿನಗಳಲ್ಲಿ ಹಗಲು 35 ಡಿಗ್ರಿ ದಾಟಿ, ರಾತ್ರಿಯೂ 24ರ ಕೆಳಗೆ ಇಳಿಯದೆ ಹೋದರೆ ಪರಾಗದ ಕಣಗಳು ಗೊಡ್ಡಾಗುತ್ತವೆ. ಹೂವು ಅರಳುತ್ತದೆ, ಆದರೆ ಒಳಗೆ ಕೆಲಸಕ್ಕೆ ಬರುವುದೇನೂ ಇರುವುದಿಲ್ಲ. ಮೇ ತಿಂಗಳಲ್ಲಿ ಒಂದು ಮಳೆ ಬಿದ್ದು ತಂಪಾದ ಮೇಲೂ ಹೂವು ಉದುರುತ್ತಲೇ ಇರುತ್ತದಲ್ಲ, ಅದಕ್ಕೂ ಇದೇ ಕಾರಣ. ಇವತ್ತು ಬಿದ್ದ ಹೂವಿನ ಹಣೆಬರಹ ಹೋದ ವಾರದ ಬಿಸಿಯಲ್ಲೇ ಬರೆದಾಗಿತ್ತು. ಬಿಸಿಲನ್ನು ಬೈಯುವವರು ರಾತ್ರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಬಳ್ಳಾರಿ ಹೆಚ್ಚುಕಮ್ಮಿ ಅದರ ಅರ್ಧ ಎತ್ತರದಲ್ಲಿದೆ. ಬೆಂಗಳೂರಿನಲ್ಲಿ ಬೇಸಿಗೆಯಲ್ಲೂ ಇರುಳು ಗಿಡಕ್ಕೆ ಉಸಿರಾಡಲು ಬಿಡುತ್ತದೆ. ಇಲ್ಲಿ ಬಳ್ಳಾರಿ ಗುಡ್ಡ, ಕುಂಬಾರ ಗುಡ್ಡಗಳ ಬಂಡೆಗಳು ಹಗಲೆಲ್ಲ ಕುಡಿದ ಕಾವನ್ನು ಕತ್ತಲಾದ ಮೇಲೆ ಕಕ್ಕುತ್ತವೆ. ಗುಡ್ಡದಿಂದ ದೂರವಿರುವ ಮನೆಗೂ ಬಿಡುಗಡೆಯಿಲ್ಲ, ಕಾಂಕ್ರೀಟ್ ಮಾಳಿಗೆಯೂ ಅದೇ ಕೆಲಸ ಮಾಡುತ್ತದೆ. ಬೆಂಗಳೂರಿನ ತಾರಸಿ ತೋಟದ ವಿಡಿಯೊ ನೋಡಿ ಮಾರ್ಚ್‌ನಲ್ಲಿ ಟೊಮೆಟೊ ಸಸಿ ನೆಟ್ಟವರು ಸೋಲುವುದು ಕೈಗುಣದಿಂದಲ್ಲ, ಬೇರೆ ಊರಿನ ಪಂಚಾಂಗ ಹಿಡಿದುಕೊಂಡು ಹೊರಟದ್ದರಿಂದ.

ಇದು ಟೊಮೆಟೊ ಒಂದರ ಹಾಡಲ್ಲ. ಹೀರೇಬಳ್ಳಿಯಲ್ಲಿ ಗಂಡು ಹೂವು, ಹೆಣ್ಣು ಹೂವು ಬೇರೆ ಬೇರೆ. ಹೆಣ್ಣು ಹೂವಿನ ಎಸಳ ಹಿಂದೆ ಕಿರುಬೆರಳಿನಷ್ಟು ಎಳೆಗಾಯಿ ಆಗಲೇ ಇರುತ್ತದೆ, ಗಂಡು ಹೂವಿಗೆ ಬರೀ ತೊಟ್ಟು. ಹಗಲು ಉದ್ದವಾಗಿ, ಬಿಸಿ ಏರಿದಂತೆ ಬಳ್ಳಿ ಗಂಡು ಹೂವನ್ನೇ ಹೆಚ್ಚಾಗಿ ಬಿಡುತ್ತದೆ. ಸಂಜೆ ಚಪ್ಪರದ ತುಂಬ ಹಳದಿ ಕಂಡು ಖುಷಿಪಟ್ಟವರು ವಾರ ಕಳೆದರೂ ಒಂದು ಕಾಯಿ ಕಾಣದೆ, ಬಳ್ಳಿಗೆ ಕಣ್ಣುಬಿತ್ತು ಎಂದುಕೊಳ್ಳುವುದೂ ಉಂಟು. ಮೆಣಸಿನ ಗಿಡವೂ ಕಡು ಬಿಸಿಯಲ್ಲಿ ಹೂವುದುರಿಸುತ್ತದೆ. ಅದರ ಮೇಲೆ ಥ್ರಿಪ್ಸ್, ಮೈಟ್ ನುಸಿ, ಬಿಳಿನೊಣ ಸೇರಿಕೊಂಡು ಎಲೆ ಮುಟುರಿದರೆ ಎರಡು ನಷ್ಟಗಳು ಒಂದೇ ಗಿಡದಲ್ಲಿ ಬೆರೆತು, ಯಾವುದು ಬಿಸಿಯ ಕೆಲಸ, ಯಾವುದು ನುಸಿಯ ಕೆಲಸ ಎಂದು ಬೇರ್ಪಡಿಸುವುದೇ ಕಷ್ಟವಾಗುತ್ತದೆ.

ಇನ್ನು ಅದೇ ಮಾಳಿಗೆಯಲ್ಲಿ, ಅದೇ ಹಿತ್ತಲಲ್ಲಿ, ಅದೇ ಬಿಸಿಲಿಗೆ ಗೆದ್ದು ನಿಂತಿರುವುದನ್ನು ನೋಡಿ. ಪುಂಡಿಪಲ್ಯ, ರಾಜಗಿರಿ, ಬಸಳೆ, ಕರಿಬೇವು, ನುಗ್ಗೆಸೊಪ್ಪು. ಇವೆಲ್ಲ ನಾವು ಎಲೆಯನ್ನೇ ತಿನ್ನುವ ಗಿಡಗಳು, ಪರಾಗದ ಹಂಗು ಇವಕ್ಕಿಲ್ಲ. ರಾಜಗಿರಿಯಂತೂ ಜೋಳ, ಕಬ್ಬುಗಳ ಹಾಗೆ ಕಡು ಬಿಸಿಯಲ್ಲೂ ಆಹಾರ ತಯಾರಿಸಿಕೊಳ್ಳಬಲ್ಲ ಜಾತಿಯದು. ಬೇರಿಗೆ ತಕ್ಕಷ್ಟು ನೀರು ಸಿಕ್ಕರೆ ಮೇ ತಿಂಗಳೇ ಅದಕ್ಕೆ ಸುಗ್ಗಿ. ದುಂಡುಮಲ್ಲಿಗೆಯನ್ನು ಮೊಗ್ಗಿರುವಾಗಲೇ ಕಿತ್ತು ಕಟ್ಟಿ ಮುಡಿಯುತ್ತೇವೆ, ಅದು ಕಾಯಿ ಕಚ್ಚಿದರೆಷ್ಟು ಬಿಟ್ಟರೆಷ್ಟು. ಬಳ್ಳಾರಿಯ ಹೆಸರನ್ನೇ ಹೊತ್ತ ಅಂಜೂರದ ಮಾತು ಇನ್ನೂ ಸ್ವಾರಸ್ಯದ್ದು. ಇಲ್ಲಿ ಬೆಳೆಯುವ ಅಂಜೂರಕ್ಕೆ ಹಣ್ಣಾಗಲು ಪರಾಗಸ್ಪರ್ಶವೇ ಬೇಡ. ಹಣ್ಣು ಮಾಗುವ ಹೊತ್ತಿಗೆ ಗಾಳಿ ಒಣಗಿದ್ದಷ್ಟೂ ಸಿಹಿ ಕೂಡುತ್ತದೆ, ತೇವ ಹೆಚ್ಚಾದರೆ ಹಣ್ಣು ಬಿರಿಯುತ್ತದೆ. ಕುರುಗೋಡು ಕಡೆಯ ತೋಟಗಳಲ್ಲಿ ಅಂಜೂರ ನೆಲೆಯೂರಿದ್ದರಲ್ಲಿ ಆಶ್ಚರ್ಯವೇನಿದೆ? ಇಲ್ಲಿನ ಉರಿಬಿಸಿಲು ಒಬ್ಬರಿಗೆ ಶಾಪ, ಇನ್ನೊಬ್ಬರಿಗೆ ಸಕ್ಕರೆ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಬೆಂಡೆ, ಚವಳಿಕಾಯಿ ಕಾಯಿಯೇ ತಾನೆ, ಅವು ಬೇಸಿಗೆಯಲ್ಲಿ ಬಿಡುವುದಿಲ್ಲವೇ? ಬಿಡುತ್ತವೆ. ಅವುಗಳ ಪರಾಗಕ್ಕೆ ಬಿಸಿ ತಡೆಯುವ ಶಕ್ತಿ ಹೆಚ್ಚು. ಆದರೆ ಆ ಶಕ್ತಿಗೂ ಎಲ್ಲೆ ಉಂಟು. ತಾಪ 42 ಡಿಗ್ರಿ ಮೀರಿದರೆ ಬೆಂಡೆಯ ಹೂವೂ ಒಣಗಿ ಉದುರುತ್ತದೆ. ಮೇ ತಿಂಗಳ ಬಳ್ಳಾರಿಗೆ ಆ ಅಂಕಿ ಹೊಸದಲ್ಲ. ಬೆಂಡೆಗೆ ಬಿಸಿಲಿಗಿಂತ ದೊಡ್ಡ ಶತ್ರು ಬಿಳಿನೊಣ ಹರಡುವ ಹಳದಿ ನಂಜು. ಎಲೆಯ ನರಗಳು ಹಳದಿ ಬಲೆಯಂತೆ ಕಂಡ ದಿನವೇ ಆ ಗಿಡ ಕಿತ್ತರೆ ಉಳಿದವು ಉಳಿಯಬಹುದು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಅನಾಮಿಕಾ’ದಂಥ ತಳಿಗಳನ್ನು ತಂದದ್ದೇ ಈ ನಂಜನ್ನು ತಾಳಿಕೊಳ್ಳಲಿ ಎಂದು. ಪಕ್ಕದ ಮನೆಯವರ ಟೊಮೆಟೊ ಕಾಯಿ ಬಿಟ್ಟಿದೆಯಲ್ಲ ಎನ್ನುವವರೂ ಇದ್ದಾರೆ. ಹೋಗಿ ನೋಡಿದರೆ ಆ ಕಾಯಿ ಫೆಬ್ರವರಿಯ ಹೂವಿನದಾಗಿರುತ್ತದೆ, ಇಲ್ಲವೇ ಗಿಡ ನೆಲದಲ್ಲಿದ್ದು ಮಧ್ಯಾಹ್ನದ ಮೇಲೆ ಗೋಡೆಯ ನೆರಳು ಪಡೆಯುತ್ತಿರುತ್ತದೆ. ಅದೂ ಹಣ್ಣಾಗುವಾಗ ಕೆಂಪಗಾಗದೆ ಕಿತ್ತಳೆ ಬಣ್ಣಕ್ಕೇ ನಿಂತುಬಿಡುತ್ತದೆ, ಕೆಂಪು ಬಣ್ಣ ತುಂಬಲೂ ಹಿತವಾದ ತಾಪ ಬೇಕು.

ನೀರೇ ಮುಖ್ಯ ಎನ್ನುವವರ ವಾದಕ್ಕೆ ಸಿರುಗುಪ್ಪದ ಭತ್ತದ ಗದ್ದೆಗಿಂತ ಒಳ್ಳೆಯ ಪರೀಕ್ಷೆ ಸಿಗಲಾರದು. ತುಂಗಭದ್ರೆಯ ನೀರು ನಿಂತ ಗದ್ದೆಯಲ್ಲಿ ಬಾಯಾರಿಕೆಯ ಪ್ರಶ್ನೆಯೇ ಇಲ್ಲ. ಆದರೂ ಭತ್ತದ ಹೂವು ತೆರೆದುಕೊಳ್ಳುವ ಬೆಳಗಿನ ಆ ಒಂದೆರಡು ಗಂಟೆಯಲ್ಲಿ ತಾಪ 35 ಡಿಗ್ರಿ ದಾಟಿದರೆ ತೆನೆಯಲ್ಲಿ ಜಳ್ಳು ಹೆಚ್ಚುತ್ತದೆ. ಎರಡನೇ ಬೆಳೆಗೆ ಜನವರಿಯಲ್ಲಿ ನಾಟಿ ಮುಗಿಸಬೇಕೆಂಬ ಅವಸರದ ಹಿಂದೆ ಕಾಲುವೆಗೆ ನೀರು ಬಿಡುವ ವೇಳಾಪಟ್ಟಿ ಇದೆ, ನಿಜ. ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ತಡವಾಗಿ ನಾಟಿ ಮಾಡಿದ ಗದ್ದೆ ಏಪ್ರಿಲ್ ಬಿಸಿಗೆ ಹೂಬಿಟ್ಟರೆ ಏನಾಗುತ್ತದೆ ಎಂಬುದು ರಾಶಿ ತೂರುವಾಗ ತಿಳಿಯುತ್ತದೆ. ಮೊಣಕಾಲುದ್ದ ಕೆಸರಿನ ಬೆಳೆಯನ್ನೇ ನೀರು ಕಾಪಾಡದಿದ್ದರೆ ಹತ್ತು ಲೀಟರಿನ ಕುಂಡವನ್ನು ಒಂದು ತಂಬಿಗೆ ಹೇಗೆ ಕಾಪಾಡೀತು?

ಹಾಗಾದರೆ ನೀರು ಬೇಡವೇ ಎಂದರೆ, ಬೇಕು. ಯಾವಾಗ, ಎಷ್ಟು, ಎಂಥದು ಎಂಬುದು ಪ್ರಶ್ನೆ. ಮಧ್ಯಾಹ್ನ ಎಲೆ ಜೋತುಬಿದ್ದರೆ ಅದು ಯಾವಾಗಲೂ ದಾಹವಲ್ಲ. ಬೇರು ಎಳೆಯುವುದಕ್ಕಿಂತ ಬೇಗ ಎಲೆಯಿಂದ ನೀರು ಆವಿಯಾದಾಗಲೂ ಎಲೆ ಬಾಗುತ್ತದೆ, ಸಂಜೆಗೆ ತಾನಾಗಿ ಎದ್ದು ನಿಲ್ಲುತ್ತದೆ. ಎರಡು ಗೆಣ್ಣಿನಷ್ಟು ಬೆರಳನ್ನು ಮಣ್ಣಿಗಿಳಿಸಿ ನೋಡಿದರೆ ಸಾಕು, ತೇವ ಹತ್ತಿದರೆ ಚೊಂಬು ಕೆಳಗಿಡಬಹುದು. ಈ ಪರೀಕ್ಷೆ ಮಾಡದೆ ಎರೆಮಣ್ಣು ತುಂಬಿದ ಕುಂಡಕ್ಕೆ ದಿನಕ್ಕೆ ಮೂರು ಸಲ ನೀರೆರೆದರೆ ಬೇರಿಗೆ ಗಾಳಿಯೇ ಸಿಗದೆ ಗಿಡ ಕೊಳೆಯುತ್ತದೆ. ಸತ್ತದ್ದು ಬಿಸಿಲಿಗೆ ಎಂಬ ಹೆಸರು ಬೇರೆ. ಫಿಲ್ಟರ್ ಯಂತ್ರ ಹೊರಗೆ ಬಿಡುವ ನೀರನ್ನು ಗಿಡಕ್ಕೆ ಹಾಕುವ ಮಿತವ್ಯಯದ ಬಗ್ಗೆಯೂ ಎಚ್ಚರ ಬೇಕು. ಬೋರ್‌ವೆಲ್ ನೀರಿನ ಉಪ್ಪು ಅದರಲ್ಲಿ ಇನ್ನಷ್ಟು ಗಟ್ಟಿಯಾಗಿರುತ್ತದೆ. ಕುಂಡದ ಅಂಚಿನಲ್ಲಿ ಬಿಳಿ ಪುಡಿ, ಎಲೆಯ ಅಂಚಿನಲ್ಲಿ ಕಂದು ಸುಟ್ಟಗಾಯ ಕಂಡರೆ ಅದು ಉಪ್ಪಿನ ಗುರುತು. ಸಿರುಗುಪ್ಪದ ಕಾಲುವೆ ಸೀಮೆಯಲ್ಲಿ ಸವಳು ಭೂಮಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫಿಲ್ಟರಿನ ಆ ನೀರಿಗಿಂತ ಅಕ್ಕಿ ತೊಳೆದ ನೀರು, ಏಸಿಯಿಂದ ತೊಟ್ಟಿಕ್ಕುವ ನೀರು ವಾಸಿ.

ಈ ಜಿಲ್ಲೆಗೆ ಕಡಿಮೆ ನೀರಿನ ಶಾಸ್ತ್ರ ಹೊಸದೂ ಅಲ್ಲ. ಹಗರಿಯ ಕೃಷಿ ಸಂಶೋಧನಾ ಕೇಂದ್ರ 1906ರದು. 1930ರ ದಶಕದಲ್ಲಿ ದೇಶದಲ್ಲಿ ಒಣಬೇಸಾಯದ ಸಂಶೋಧನೆಗೆ ಆರಿಸಿಕೊಂಡ ಕೆಲವೇ ಕೇಂದ್ರಗಳಲ್ಲಿ ಸೊಲ್ಲಾಪುರ, ಬಿಜಾಪುರ, ರಾಯಚೂರುಗಳ ಜೊತೆ ಅದೂ ಇತ್ತು. ಸಾಲಿನ ಅಂತರ ಹೆಚ್ಚಿಸು, ಬೀಜ ಕಡಿಮೆ ಹಾಕು, ಎಡೆ ಹೊಡೆದು ಮೇಲ್ಮಣ್ಣು ಸಡಿಲವಿಡು ಎಂಬುದು ಎರೆಹೊಲದ ರೈತರಿಗೆ ನೀರಿನಷ್ಟೇ ಪರಿಚಿತ. ಕುರುಗೋಡಿನ ಹಿತ್ತಲಿನ ಎರೆಮಣ್ಣು ಮೇ ತಿಂಗಳಲ್ಲಿ ಕೈ ಇಳಿಯುವಷ್ಟು ಬಿರುಕು ಬಿಟ್ಟಾಗ ಎಳೆಬೇರುಗಳು ಹರಿಯುತ್ತವೆ, ಹಾಕಿದ ನೀರು ಬಿರುಕಿನಲ್ಲಿ ಇಳಿದು ಬೇರಿಗೆ ದಕ್ಕದೆ ಹೋಗುತ್ತದೆ. ಕುರ್ಚಿಗೆಯಿಂದ ಮೇಲ್ಮಣ್ಣು ಕೆದಕಿ, ಮೇಲೆ ಒಂದು ಗೇಣು ಭತ್ತದ ಹುಲ್ಲು ಹಾಸಿದರೆ ಈ ಎರಡೂ ನಿಲ್ಲುತ್ತವೆ. ಭತ್ತದ ಸೀಮೆ ಪಕ್ಕದಲ್ಲೇ ಇರುವಾಗ ಹುಲ್ಲಿಗೆ, ಉಮಿಗೆ ಬರವಿಲ್ಲ. ಪೇಟೆಯಲ್ಲಿ ತೆಂಗಿನ ನಾರಿನ ಇಟ್ಟಿಗೆಗೆ ದುಡ್ಡು ಸುರಿಯುವುದನ್ನು ನೋಡಿದರೆ ನಗು ಬರುತ್ತದೆ.

ಹಸಿರು ನೆಟ್ ಕಟ್ಟಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಅರ್ಧ ಅಂಕ ಕೊಡಬಹುದು. ನೆಟ್ ಎಲೆ ಸುಡುವುದನ್ನು ತಪ್ಪಿಸುತ್ತದೆ, ಕುಂಡ ಕಾಯುವುದನ್ನು ತಗ್ಗಿಸುತ್ತದೆ. ಆದರೆ ರಾತ್ರಿಯ ಗಾಳಿಯನ್ನು ಅದು ತಂಪು ಮಾಡಲಾರದು, ತೀರ ದಟ್ಟವಾದರೆ ಹೂವೇ ಕಡಿಮೆಯಾಗುತ್ತದೆ. ಅದಕ್ಕಿಂತ ಅಗ್ಗದ ಕೆಲಸ, ಕಪ್ಪು ಪ್ಲಾಸ್ಟಿಕ್ ಕುಂಡಗಳನ್ನು ಮಾಳಿಗೆಯ ನೆಲದಿಂದ ಎರಡು ಇಟ್ಟಿಗೆ ಮೇಲೆತ್ತಿ, ಒಂದಕ್ಕೊಂದು ಒತ್ತಿಟ್ಟು, ಪಡುವಣ ಬದಿಗೆ ಹಳೆಯ ಗೋಣಿಚೀಲ ಇಳಿಬಿಡುವುದು. ಬಿಸಿಲು ಬಡಿಯುವ ಕಪ್ಪು ಕುಂಡದ ಒಳಗೋಡೆಗೆ ಅಂಟಿದ ಬೇರುಗಳೇ ಮೊದಲು ಸಾಯುವುದು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ. ಬಳ್ಳಾರಿಯಲ್ಲಿ ನಳದ ನೀರು ದಿನವೂ ಬರುವುದಿಲ್ಲ. ಕಾಲುವೆ ನಿಂತ ಮೇಲೆ ಊರು ನಂಬಿರುವುದು ಅಲ್ಲೀಪುರ, ಮೋಕದ ಕೆರೆಗಳಲ್ಲಿ ತುಂಬಿಟ್ಟ ನೀರನ್ನು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಈ ನಂಬಿಕೆ ಎಷ್ಟು ತೆಳುವಾದದ್ದೆಂದು ಎಲ್ಲರಿಗೂ ಗೊತ್ತಾಯಿತು. ಇಂಥ ಊರಲ್ಲಿ ಬೇಸಿಗೆಯ ಕೈತೋಟವೇ ದುಂದಲ್ಲವೇ? ಕಾಯಿ ಕಚ್ಚದ ಟೊಮೆಟೊಗೆ ಮೂರು ತಿಂಗಳು ನೀರೆರೆಯುವುದು ಖಂಡಿತ ದುಂದು. ಆದರೆ ಬುಡಕ್ಕೆ ಹುಲ್ಲು ಹೊದಿಸಿದ ನಾಲ್ಕು ಕುಂಡ ರಾಜಗಿರಿ, ಒಂದು ಬಸಳೆ ಬಳ್ಳಿ, ಪಾತ್ರೆ ತೊಳೆದ ನೀರು ಹರಿದುಹೋಗುವ ಕಡೆ ಒಂದು ಕರಿಬೇವು, ಒಂದು ನುಗ್ಗೆ ಇಟ್ಟವರ ಮೇಲೆ ಆ ಅಪವಾದ ಹೊರಿಸಲಾಗದು. ಬದನೆ, ಮೆಣಸಿನ ಹಳೆಯ ಗಿಡಗಳನ್ನು ಮೇ ತಿಂಗಳಲ್ಲಿ ಕೀಳಬೇಕೆಂದೇನೂ ಇಲ್ಲ. ಗಿಡದಲ್ಲಿ ನಂಜು ಇಲ್ಲವೆಂದು ನೋಡಿಕೊಂಡು ಮೊಣಕಾಲೆತ್ತರಕ್ಕೆ ಕತ್ತರಿಸಿ, ನೆರಳಿಗೆ ಸರಿಸಿ, ಜೀವ ಹಿಡಿಯುವಷ್ಟು ನೀರು ಕೊಟ್ಟರೆ ಸಾಕು, ಮಳೆ ಹಿಡಿದ ಮೇಲೆ ಹೊಸ ಚಿಗುರಿನಲ್ಲಿ ಹೂವು ಬರುತ್ತದೆ. ಟೊಮೆಟೊ ಬೀಜವನ್ನು ರೋಹಿಣಿಯ ಹೊತ್ತಿಗೆ ನೆರಳಿನ ಟ್ರೇಯಲ್ಲಿ ಊರಿದರೆ ಜೂನ್ ಕೊನೆಗೆ ಸಸಿ ನಾಟಿಗೆ ಬರುತ್ತದೆ, ಅದರ ಮೊಗ್ಗು ಮೂಡುವಾಗ ಇರುಳು ಇಷ್ಟು ಬಿಸಿಯಾಗಿರುವುದಿಲ್ಲ.