ಅಳಿಸಿದ ಹೆಸರು ಮರಳಿ ಬರುವ ದಾರಿ

ಕಾಸರಗೋಡಿನ ವರ್ತಕನ ಲೆಕ್ಕಪತ್ರವಾಗಲಿ, ಸೊಲ್ಲಾಪುರದ ಗಿರಣಿಯದಾಗಲಿ, ಅದಕ್ಕೆ ಚಾರ್ಟರ್ಡ್ ಅಕೌಂಟೆಂಟರು ಹಾಕುವ ಸಹಿಯ ಆಧಾರ ಒಂದೇ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯಿದೆಯಂತೆ ಅವರ ಸಂಸ್ಥೆ ಇರಿಸಿರುವ ಸದಸ್ಯರ ರಿಜಿಸ್ಟರೇ ಆ ಆಧಾರ. ಅಲ್ಲಿಂದ ಹೆಸರು ಅಳಿದರೆ ಸಹಿ ಮಾಡುವ ಅಧಿಕಾರವೂ ಅಳಿಯುತ್ತದೆ. ಕನ್ನಡ ಶಾಲೆಯಲ್ಲಿ ಕಲಿತ ಮಗನೋ ಮಗಳೋ ಈ ವೃತ್ತಿಗೆ ಸೇರಿದ ಮನೆಗಳಲ್ಲಿ ಇಂಥ ಸುದ್ದಿ ಬಂದಾಗ ಮೊದಲು ಕಾಡುವುದು ಅವಮಾನದ ಭಯ. ಆದರೆ ಮೊದಲು ಕೇಳಬೇಕಾದದ್ದು ಹೆಸರು ಅಳಿದ ಕಾರಣವನ್ನು.

ಕಾಯಿದೆಯ 20ನೆಯ ಕಲಮಿನ ಪ್ರಕಾರ ಶುಲ್ಕ ಕಟ್ಟದಿದ್ದರೂ ಹೆಸರು ತೆಗೆಯಬಹುದು. ಹೆರಿಗೆ, ಕಾಯಿಲೆ, ಊರು ಬದಲಾವಣೆಗಳ ನಡುವೆ ವಾರ್ಷಿಕ ಶುಲ್ಕ ಮರೆತುಹೋಗುವುದುಂಟು. ಇದು ದುರ್ನಡತೆಯಲ್ಲ. ಅರ್ಜಿಯೊಡನೆ ಬಾಕಿ ಶುಲ್ಕ, ಪ್ರವೇಶ ಶುಲ್ಕ ಮತ್ತು ನಿಗದಿತ ಹೆಚ್ಚುವರಿ ಶುಲ್ಕ ಸಲ್ಲಿಸಿದರೆ ಹೆಸರನ್ನು ಮತ್ತೆ ಸೇರಿಸಲು ಅದೇ ಕಲಮು ಅವಕಾಶ ಕೊಡುತ್ತದೆ. ಸ್ವಂತ ಕಚೇರಿ ನಡೆಸುವವರು ವೃತ್ತಿ ನಡೆಸುವ ಪ್ರಮಾಣಪತ್ರವನ್ನೂ ಮರಳಿ ಪಡೆಯಬೇಕು, ಸದಸ್ಯತ್ವವೊಂದೇ ಸಾಲದು.

ದುರ್ನಡತೆಗಾಗಿ ಶಿಸ್ತು ಮಂಡಳಿ ಅಥವಾ ಶಿಸ್ತು ಸಮಿತಿ ಹೆಸರು ತೆಗೆದಿದ್ದರೆ ದಾರಿ ಬೇರೆ. ಅವಧಿ ಗೊತ್ತುಪಡಿಸಿದ್ದರೆ ಅದು ಮುಗಿಯುವವರೆಗೆ ಹೆಸರು ಮರಳಿ ಸೇರದು; ಹಣ ಕಟ್ಟಿ ಅವಧಿಯನ್ನು ಕಡಿಮೆ ಮಾಡಿಸಿಕೊಳ್ಳಲಾಗದು. ಗಂಭೀರ ಪ್ರಕರಣಗಳಲ್ಲಿ ಶಾಶ್ವತವಾಗಿ ತೆಗೆಯುವ ಅಧಿಕಾರವೂ ಶಿಸ್ತು ಸಮಿತಿಗುಂಟು. ಆದೇಶ ತಪ್ಪೆನಿಸಿದರೆ, ಅದು ತಲುಪಿದ 90 ದಿನಗಳೊಳಗೆ ಮೇಲ್ಮನವಿ ಪ್ರಾಧಿಕಾರದ ಮೊರೆ ಹೋಗಬಹುದು. ತಡವಾದರೆ ಸಾಕಷ್ಟು ಕಾರಣ ತೋರಿಸಬೇಕು. ಪ್ರಾಧಿಕಾರವು ದಂಡನೆಯನ್ನು ರದ್ದುಪಡಿಸಬಹುದು, ತಗ್ಗಿಸಬಹುದು, ಹೆಚ್ಚಿಸಲೂಬಹುದು. ಆದ್ದರಿಂದ ಕೋಪದಲ್ಲಿ ಬರೆದ ಮನವಿಗಿಂತ ಕಡತಗಳ ಆಧಾರದ ಮನವಿಯೇ ಲೇಸು.

ಎರಡೂ ಸಂದರ್ಭಗಳಲ್ಲಿ ಒಂದು ಎಚ್ಚರ ಅಗತ್ಯ. ಹೆಸರು ಮರಳುವ ತನಕ ಹಳೆಯ ಫಲಕದಡಿ ಕುಳಿತು ಸಹಿ ಹಾಕಬಾರದು. ಸದಸ್ಯರಲ್ಲದವರು ಸದಸ್ಯರೆಂದು ಹೇಳಿಕೊಳ್ಳುವುದು 24ನೆಯ ಕಲಮಿನಡಿ ಅಪರಾಧ. ಶುಲ್ಕದ ಮರೆವಿನಿಂದಾದ ಸಣ್ಣ ತೊಡಕು ಅಲ್ಲಿಗೆ ದೊಡ್ಡ ಪ್ರಕರಣವಾಗುತ್ತದೆ.

ಪ್ರಮಾಣಪತ್ರ ಪಡೆಯುವ ಕುಟುಂಬಗಳಿಗೂ ಇದರಲ್ಲಿ ಪಾಠವಿದೆ. 2019ರಿಂದ ಲೆಕ್ಕಪರಿಶೋಧಕರ ಪ್ರಮಾಣಪತ್ರಗಳಿಗೆ ಯುಡಿಐಎನ್ ಎಂಬ 18 ಅಂಕಿ-ಅಕ್ಷರಗಳ ಗುರುತುಸಂಖ್ಯೆ ಕಡ್ಡಾಯ. ಸಂಸ್ಥೆಯ ಜಾಲತಾಣದಲ್ಲಿ ಅದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಮಗನ ಶಿಕ್ಷಣ ಸಾಲಕ್ಕೆ ಕಾಗದ ಸಲ್ಲಿಸುವ ಮುನ್ನ ತಂದೆ ಆ ಸಂಖ್ಯೆಯನ್ನೊಮ್ಮೆ ನೋಡಿಕೊಂಡರೆ ಬ್ಯಾಂಕಿನಿಂದ ಬರಿಗೈಯಲ್ಲಿ ಮರಳುವ ಪ್ರಸಂಗ ತಪ್ಪೀತು.